ಹದಿನಾಲ್ಕನೇ ಕಂಪ್ಯೂಟರಿನ ಮುಯ್ಯಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರಸಂಗದಲ್ಲಿ ನಾನು ಎರಡು ಸಲ ಕೂಗಾಡಿದ್ದೇನೆ, ಎರಡು ಸಲವೂ ತಪ್ಪು ನನ್ನದೇ ಆಗಿತ್ತು. ಇಷ್ಟನ್ನು ಒಪ್ಪಿಕೊಳ್ಳುವುದಕ್ಕೇ ನಿನಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಹಳೆಯ ಸಹೋದ್ಯೋಗಿಗಳು ಅನ್ನಬಹುದು. ಅನ್ನಲಿ.

ಎರಡು ಸಾವಿರದ ದಶಕದ ನಡುವಿನ ಮಾತು. ಆಗ ನಾನು ರಾಮನಗರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷದವರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದೆ. ಚನ್ನಪಟ್ಟಣದಲ್ಲಿ ಅವ್ವನ ಜೊತೆ ಮನೆ, ದಿನಾ ಬೆಳಿಗ್ಗೆ ರೈಲು ಇಲ್ಲವೇ ಬಸ್ಸು. ರಾಮನಗರ ಜಿಲ್ಲೆಯಾಗುತ್ತದಂತೆ ಎಂದು ಟೀ ಅಂಗಡಿಗಳಲ್ಲಿ ಮಾತು ಶುರುವಾಗಿತ್ತು. ಬಿಡದಿ ಕಡೆ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿತ್ತು. ಹಳ್ಳಿಹಳ್ಳಿಗೂ ಗಾರ್ಮೆಂಟ್ಸ್ ವ್ಯಾನು ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಓದಬೇಕು ಅನ್ನುವ ಮಕ್ಕಳೂ ಹಾಗೆಯೇ ಹೆಚ್ಚಿ, ನನ್ನ ಒಂದೇ ತರಗತಿಗೆ ಇನ್ನೂರ ಹತ್ತು ಜನ ಆದರು.

ಇನ್ನೂರ ಹತ್ತು ಜನರನ್ನು ಕೂರಿಸಲು ಕಾಲೇಜಿನಲ್ಲಿ ಇದ್ದದ್ದು ಒಂದೇ ಜಾಗ, ಶೀಟು ಹೊದಿಸಿದ ಸಭಾಂಗಣ. ನಾನು ಮೈಕು ಹಿಡಿದು ಸರಾಸರಿ, ಮಧ್ಯಾಂಕ ಎಂದು ಕಿರುಚಬೇಕು. ಮುಂದಿನ ನಾಲ್ಕು ಸಾಲು ಬರೆದುಕೊಳ್ಳುತ್ತದೆ, ನಡುವಿನವರು ನನ್ನ ಮುಖ ನೋಡುತ್ತಾರೆ, ಹಿಂದಿನವರು ಏನು ಮಾಡುತ್ತಾರೋ ಆ ದೇವರಿಗೇ ಗೊತ್ತು. ರೈಲು ಹೋದರೆ ಎರಡು ನಿಮಿಷ ಎಲ್ಲರೂ ಸುಮ್ಮನೆ. ವರ್ಷಾವರ್ಷ ಅರ್ಧಕ್ಕರ್ಧ ನಪಾಸು. ಈ ಮಕ್ಕಳ ತಲೆಗೆ ಇದು ಹತ್ತಲ್ಲ ಬಿಡಿ ಮೇಡಂ ಎಂದು ಹಿರಿಯರೊಬ್ಬರು ಸ್ಟಾಫ್ ರೂಮಿನಲ್ಲಿ ಅಂದಾಗ ಮೈಯೆಲ್ಲಾ ಉರಿದುಹೋಯಿತು. ನಾನೂ ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ, ರೇಷ್ಮೆ ಹುಳ ಸಾಕುವ ಮನೆಯಿಂದ ಬಂದವಳು. ನನ್ನ ತಲೆಗೆ ಹತ್ತಿದ್ದು ಇವರ ತಲೆಗೆ ಯಾಕೆ ಹತ್ತುವುದಿಲ್ಲ?

ಅದೇ ವರ್ಷ ಬಿಡದಿಯ ಒಂದು ಕಾರ್ಖಾನೆಯವರು ತಾವು ಬಳಸಿ ಬಿಟ್ಟ ಇಪ್ಪತ್ನಾಲ್ಕು ಕಂಪ್ಯೂಟರುಗಳನ್ನು ಕಾಲೇಜಿಗೆ ಕೊಟ್ಟರು. ನಮ್ಮ ಕಂಪ್ಯೂಟರ್ ಮೇಷ್ಟ್ರು, ಇನ್ನೂ ಹೊಸಬರು, ಮಾತು ಕಡಿಮೆ, ಅವುಗಳಿಗೆ ಒಂದರಿಂದ ಇಪ್ಪತ್ನಾಲ್ಕರವರೆಗೆ ನಂಬರಿನ ಚೀಟಿ ಅಂಟಿಸಿ ಸಾಲಾಗಿ ಜೋಡಿಸಿದರು. ಅವರೂ ನಾನೂ ಕೂತು ಪಾಠವನ್ನೇ ಬಿಚ್ಚಿ ಮತ್ತೆ ಕಟ್ಟಿದೆವು. ವಾರಕ್ಕೆ ಮೂರು ಗಂಟೆ ಮೈಕಿನ ಪಾಠದ ಬದಲು ಒಂದೇ ಗಂಟೆ. ಎರಡನೇ ಗಂಟೆ ಚಿಕ್ಕ ಗುಂಪುಗಳಲ್ಲಿ ನನ್ನ ಮುಂದೆ ಕೂತು ಲೆಕ್ಕ ಬಿಡಿಸುವುದು. ಮೂರನೆಯದು ಕಂಪ್ಯೂಟರಿನಲ್ಲಿ: ಕಾಲೇಜಿನ ವೆಬ್‌ಸೈಟಿನಲ್ಲಿ ನನ್ನ ಟಿಪ್ಪಣಿ, ನನ್ನ ದನಿಯಲ್ಲಿ ಹತ್ತು ನಿಮಿಷದ ಪಾಠ, ಕೊನೆಗೆ ಹತ್ತು ಪ್ರಶ್ನೆ. ಕಾಲೇಜಿನಲ್ಲಿ ಆಗದಿದ್ದರೆ ಕನಕಪುರವೋ ಮಾಗಡಿಯೋ, ಅವರವರ ಊರಿನ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಮಾಡಬಹುದು. ಆ ಹತ್ತು ಪ್ರಶ್ನೆಗೆ ಬಂದ ಅಂಕ ಆಂತರಿಕ ಅಂಕಕ್ಕೆ ಸೇರುತ್ತದೆ.

ಪಾಠವನ್ನು ನಮ್ಮ ಮನೆಯ ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿದೆ, ಬೀದಿಯ ಗಲಾಟೆ ಅಲ್ಲಿಗೆ ಬರುವುದಿಲ್ಲ ಎಂದು. ಅವ್ವ ಕುಕ್ಕರ್ ಇಟ್ಟಿದ್ದನ್ನು ಮರೆತು, ಮೂರನೇ ಪಾಠದಲ್ಲಿ ಮಧ್ಯಾಂಕ ವಿವರಿಸುವ ಹೊತ್ತಿಗೆ ಸರಿಯಾಗಿ ಎರಡು ವಿಷಲ್. ಅಳಿಸಿ ಮತ್ತೆ ಮಾಡುವ ತಾಳ್ಮೆ ನನಗಿಲ್ಲ, ಹಾಗೇ ಹಾಕಿದೆವು. ಆ ವರ್ಷದ ಹುಡುಗರು ಮಧ್ಯಾಂಕ ಅಂದ ಕೂಡಲೇ ವಿಷಲ್ ಹೊಡೆಯುತ್ತಿದ್ದರು.

ಪ್ರಿನ್ಸಿಪಾಲರು ನಿವೃತ್ತಿಗೆ ಹತ್ತಿರವಿದ್ದ, ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿದ ಮನುಷ್ಯ. ಕೆಟ್ಟವರಲ್ಲ. ಒಂದು ಸೆಮಿಸ್ಟರ್ ನೋಡೋಣ ಅಂದಿದ್ದರು. ಐದು ವಾರ ಕಳೆಯುವ ಹೊತ್ತಿಗೆ ಇನ್ನೂರ ಹತ್ತು ಜನರಲ್ಲಿ ಒಬ್ಬರೂ ಪ್ರಶ್ನೆ ತಪ್ಪಿಸಿರಲಿಲ್ಲ. ಹಾಜರಿ ಕಮ್ಮಿ ಇದ್ದವರೂ ಮಾಡಿದ್ದರು. ನಾನು ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, ತಲೆಗೆ ಹತ್ತಲ್ಲ ಅಂದ ಹಿರಿಯರ ಮುಖವನ್ನೇ ನೋಡುತ್ತಾ ಅದನ್ನು ಓದಿ ಹೇಳಿದೆ. ಅಷ್ಟು ಖುಷಿಯಾಗಿತ್ತು ನನಗೆ.

ಮೀಟಿಂಗ್ ಮುಗಿದ ಮೇಲೆ ಕಂಪ್ಯೂಟರ್ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಹಾಳೆ ತೋರಿಸಿದರು. ಯಾರು, ಯಾವ ಕಂಪ್ಯೂಟರಿನಲ್ಲಿ, ಎಷ್ಟು ಹೊತ್ತಿಗೆ ಮಾಡಿದರು ಅನ್ನುವುದೆಲ್ಲ ಅದರಲ್ಲಿತ್ತು. ಪ್ರತಿ ಶುಕ್ರವಾರ ಮಧ್ಯಾಹ್ನ, ಹದಿನಾಲ್ಕನೇ ಕಂಪ್ಯೂಟರಿನಲ್ಲಿ, ಒಬ್ಬರಾದ ಮೇಲೆ ಒಬ್ಬರಂತೆ ಹನ್ನೆರಡು ಜನ. ನಡುವೆ ಒಂದು ನಿಮಿಷದ ಅಂತರವೂ ಇಲ್ಲ.

ಆ ಶುಕ್ರವಾರ ನಾನು ಹೋಗಿ ಹದಿನಾಲ್ಕನೇ ಕಂಪ್ಯೂಟರಿನ ಹಿಂದೆ ನಿಂತೆ. ಕೂತಿದ್ದವಳು ಒಬ್ಬಳೇ. ಕನಕಪುರ ರಸ್ತೆಯ ಒಂದು ಹಳ್ಳಿಯಿಂದ ಬರುತ್ತಿದ್ದ ಹುಡುಗಿ, ಮುಂದಿನ ಸಾಲಿನವಳು, ಎರಡು ಜಡೆ, ಕೇಳಿದರೆ ಮಾತ್ರ ಉತ್ತರ. ಒಬ್ಬರ ಹೆಸರಿನಲ್ಲಿ ಮುಗಿಸಿ, ಪಕ್ಕದಲ್ಲಿದ್ದ ನೋಟ್‌ಬುಕ್ ನೋಡಿಕೊಂಡು ಇನ್ನೊಬ್ಬರ ಹೆಸರು, ಪಾಸ್‌ವರ್ಡ್ ಹಾಕುತ್ತಿದ್ದಳು. ನಾನು ಕೆಮ್ಮಿದೆ. ಎದ್ದು ನಿಂತಳು, ಆದರೆ ನೋಟ್‌ಬುಕ್ ಮುಚ್ಚಲಿಲ್ಲ. ಏನಮ್ಮ ಇದು ಅಂದೆ.

"ಮುಯ್ಯಿ ಮಿಸ್," ಅಂದಳು. "ಒಬ್ರ ಮನೇಲಿ ಹುಳ ನಾಕನೇ ಜ್ವರ ಎದ್ದಿರ್ತವೆ, ಇನ್ನೊಬ್ರ ಮನೇಲಿ ಹಣ್ಣಾಗಿರ್ತವೆ, ಇಬ್ರಿಗೆ ಬಿಡದೀಲಿ ಪಾಳಿ, ಬರಕ್ಕಾಗಲ್ಲ. ನಮ್ಮನೆ ಹುಳ ಎದ್ದಾಗ ನಂದು ಅವ್ರು ಮಾಡ್ತಾರೆ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು, ಅಲುಗಾಡದೆ ಕೂತು, ಪೊರೆ ಕಳಚುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವು ಹೇಳತೀರದು, ಮನೆಮಂದಿಯೆಲ್ಲ ಹೊತ್ತುಹೊತ್ತಿಗೂ ಸೊಪ್ಪು ಹಾಕುತ್ತಲೇ ಇರಬೇಕು. ಆಮೇಲೆ ಹುಳ ಹಣ್ಣಾಗುತ್ತದೆ, ಮೈ ತಿಳಿಯಾಗಿ ಗೂಡು ಕಟ್ಟಲು ತಲೆ ಎತ್ತುತ್ತದೆ. ಆಗ ಒಂದೊಂದನ್ನೂ ಆಯ್ದು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಒಂದು ಮನೆಯ ಕೈಗಳು ಅದಕ್ಕೆ ಸಾಲುವುದಿಲ್ಲ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಕೂಲಿಯಿಲ್ಲ, ಕೈಗೆ ಕೈ. ಅದು ಮುಯ್ಯಿ.

ಇದೆಲ್ಲ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಸ್ಟಾಫ್ ಮೀಟಿಂಗ್ ಮಾತ್ರ. ಇಪ್ಪತ್ತು ಮಕ್ಕಳ ಎದುರಿಗೇ ಬಾಯಿಗೆ ಬಂದ ಹಾಗೆ ಮಾತಾಡಿದೆ. ಕಳ್ಳಿ ಅಂದೆ. ಕಾಲೇಜಿನ ಕಣ್ಣಿಗೆ ಮಣ್ಣೆರಚುತ್ತೀಯಾ ಅಂದೆ. ಅವಳು ಅಳಲಿಲ್ಲ, ಏನೋ ಅರ್ಥವಾಗದವಳ ಹಾಗೆ ನನ್ನನ್ನೇ ನೋಡುತ್ತಿದ್ದಳು. ಅದೇ ಕಾವಿನಲ್ಲಿ ಕೂತು ಒಂದು ಪುಟದ ದೂರು ಬರೆದು ಆಫೀಸಿಗೆ ಕೊಟ್ಟೆ. ಗುಮಾಸ್ತರು ಅದಕ್ಕೆ ಇನ್‌ವರ್ಡ್ ನಂಬರ್ ಹಾಕಿದರು. ನಂಬರ್ ಬಿದ್ದ ಕಾಗದವನ್ನು ಹಿಂದಕ್ಕೆ ಪಡೆಯುವ ನಿಯಮ ನಮ್ಮ ಪ್ರಿನ್ಸಿಪಾಲರ ಪುಸ್ತಕದಲ್ಲಿ ಇರಲಿಲ್ಲ.

ಸೋಮವಾರ ತೀರ್ಮಾನ ಬಂತು. ಹನ್ನೊಂದು ಜನರಿಗೆ ಎಚ್ಚರಿಕೆ. ಹುಡುಗಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ, ವರ್ಷ ಹೋದ ಹಾಗೆ.

ಮಾರನೆಯ ದಿನ ಅವಳ ಅಪ್ಪ ಬಂದರು. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಸೆರಗು ಬಿಗಿದುಕೊಂಡೆ. ಅವರು ಜಗಳ ಆಡಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, ಒಳಗೆ ಬಂದು ಕೂರಿ ಅಂದರೂ ಕೂರದೆ, ಮೆಲ್ಲಗೆ ಮಾತಾಡಿದರು.

"ಮೇಡಮ್ಮೋರೆ, ಮಗಿ ತಪ್ಪು ಮಾಡೈತೆ ಅಂತೀರ, ಇರ್ಬೈದು. ನಂಗೆ ಓದು ಗೊತ್ತಿಲ್ಲ. ಈ ವರ್ಸ ಒಂದು ಹೋಗ್ಬುಟ್ರೆ ಮುಂದ್ಕೆ ಓದ್ಸಕೆ ಮನೇಲಿ ಒಪ್ಪಕಿಲ್ಲ. ಬಾಗ್ಲಿಗೇ ಗಾರ್ಮೆಂಟ್ಸ್ ವ್ಯಾನು ಬತ್ತೈತೆ. ಅಷ್ಟೇಯ, ಹೇಳ್ಬುಟ್ಟು ಹೋಗವಾ ಅಂತ ಬಂದೆ."

ಹೇಳಿ ಹೋದರು.

ಸಂಜೆ ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿಕೊಂಡೆ, ನನ್ನದೇ ಸರಿ ಅನ್ನಲಿ ಎಂದು. ಅವ್ವ ಅವರೆಕಾಳು ಹಿಸುಕುತ್ತಾ ಕೇಳಿಸಿಕೊಂಡಳು. ನನ್ನ ಮಾತೆಲ್ಲ ಮುಗಿದ ಮೇಲೆ, "ನೀನು ಪಿಯುಸಿ ಪರೀಕ್ಷೆ ಬರೀವಾಗ ನಮ್ಮನೆ ಹುಳ ಹಣ್ಣಾಗಿದ್ವು. ನಿನ್ ಬದ್ಲಿಗೆ ಯಾರ್ ಕೈ ಬಂದಿತ್ತು, ಗ್ಯಾಪ್ಕ ಐತಾ?" ಎಂದು ಕೇಳಿದಳು.

ಇತ್ತು. ಆಚೆ ಮನೆಯ ಹುಡುಗಿ, ನನಗಿಂತ ಒಂದು ವರ್ಷ ಚಿಕ್ಕವಳು, ಮೂರು ದಿನ ಬಂದು ನಮ್ಮ ಹುಳ ಆಯ್ದಿದ್ದಳು. ಮುಂದಿನ ವರ್ಷ ಅವಳ ಪರೀಕ್ಷೆಯ ಹೊತ್ತಿಗೆ ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಅವಳ ಮನೆಗೆ ನಾನು ಹೋಗಲಿಲ್ಲ. ಅವಳು ಆ ಪರೀಕ್ಷೆ ಬರೆಯಲೂ ಇಲ್ಲ ಎಂದು ಆಮೇಲೆ ಯಾರೋ ಹೇಳಿದ್ದರು, ನಾನು ಹೂಂ ಅಂದು ಸುಮ್ಮನಾಗಿದ್ದೆ. ಅವ್ವ ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಮೇಷ್ಟ್ರ ಹಾಳೆಯನ್ನು ಮತ್ತೆ ಬಿಡಿಸಿ, ಈ ಸಲ ಸಮಾಧಾನವಾಗಿ ನೋಡಿದೆ. ಪ್ರಶ್ನೆಗಳು ಪ್ರತಿಯೊಬ್ಬರಿಗೂ ಬೇರೆ ಬೇರೆ ಬರುವ ಹಾಗೆ ನಾವೇ ಮಾಡಿದ್ದೆವು. ಅವಳು ಪ್ರತಿ ವಾರ ಮೊದಲು ತನ್ನ ಹೆಸರಿನಲ್ಲಿ ಮಾಡಿದ್ದಳು. ಆಮೇಲೆ ಉಳಿದ ಹನ್ನೊಂದು. ಮಾಡುತ್ತಾ ಮಾಡುತ್ತಾ ಕೈ ಪಳಗಿ ಕೊನೆಕೊನೆಯವರಿಗೆ ಹತ್ತಕ್ಕೆ ಹತ್ತು ಬಂದಿತ್ತು. ಹನ್ನೆರಡು ಜನರಲ್ಲಿ ಎಲ್ಲರಿಗಿಂತ ಕಮ್ಮಿ ಅಂಕ ಅವಳದೇ, ಐದು ವಾರವೂ. ಮೋಸ ಮಾಡುವವಳು ತನ್ನದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಇಷ್ಟು ಸಣ್ಣ ವಿಷಯ ಸಂಖ್ಯಾಶಾಸ್ತ್ರದ ಮೇಡಮ್ಮಿಗೆ ಕಾಣಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಹಾಳೆ ತೋರಿಸಿ, ಇವಳು ಕದ್ದಿದ್ದಲ್ಲ, ಕಲಿತದ್ದು ಅಂದೆ. ಇವಳು ಕಲಿತಳು ಸರಿ, ಉಳಿದ ಹನ್ನೊಂದು ಜನ ಏನು ಕಲಿತರು ಎಂದು ಅವರು ಕೇಳಿದರು. ಆಮೇಲೆ ಅವರೇ ಒಂದು ದಾರಿ ಹೇಳಿದರು. ಎರಡು ವಾರ ಬಿಟ್ಟು ಆ ಹನ್ನೊಂದು ಜನರಿಗೂ ಕಾಗದದ ಮೇಲೆ ಪರೀಕ್ಷೆ, ಐವತ್ತು ಅಂಕಕ್ಕೆ, ತಾವೇ ಕಾವಲು ಕೂರುತ್ತಾರೆ. ಹನ್ನೊಂದಕ್ಕೆ ಹನ್ನೊಂದು ಜನ ಹದಿನೆಂಟು ಅಂಕ ತೆಗೆದರೆ, ಕಲಿಕೆ ಆಗಿದೆ ಎಂದು ಬರೆದು ದೂರನ್ನು ಮುಗಿಸಿ ಹುಡುಗಿಗೆ ಹಾಲ್ ಟಿಕೆಟ್ ಕೊಡುತ್ತಾರೆ. ಒಬ್ಬರು ಕಮ್ಮಿ ಆದರೂ ಇಲ್ಲ, ಮತ್ತೆ ಮೈಕೇ ಗತಿ.

ಹನ್ನೆರಡೂ ಜನರನ್ನು ಕರೆಸಿ ಹೇಳಿದೆ. ಈಗ ಇವಳ ವರ್ಷ ನಿಮ್ಮ ಕೈಯಲ್ಲಿದೆ, ನಿಮಗೆ ಮಾಡಿದ ಮುಯ್ಯಿಯನ್ನು ಪಾಸಾಗಿ ತೀರಿಸಿ. ಹುಡುಗಿ ನೋಟ್‌ಬುಕ್ ತೆಗೆದು, ಯಾರ ಮನೆ ಹುಳ ಎಷ್ಟನೇ ಜ್ವರದಲ್ಲಿದೆ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳತೊಡಗಿದಳು. ಜ್ವರಕ್ಕೆ ಕೂತ ಹುಳ ಮೇವು ತಿನ್ನುವುದಿಲ್ಲ, ಆ ದಿನ ಮನೆಯವರಿಗೆ ಬಿಡುವು. ಯಾರಿಗೆ ಯಾವತ್ತು ಬಿಡುವೋ ಆವತ್ತು ಅವರಿಗೆ ಪಾಠ. ಬಿಡದಿಯಲ್ಲಿ ಪಾಳಿ ಕೆಲಸಕ್ಕೆ ಹೋಗುವ ಇಬ್ಬರಿಗೆ ಪಾಳಿ ಬದಲಾಗುವ ದಿನ. ನಾನು ತಿಂಗಳುಗಟ್ಟಲೆ ಕೂತು ಮಾಡಿದ ವೇಳಾಪಟ್ಟಿಗೆ ಹೊಳೆಯದ ಮಾತು ಹತ್ತು ನಿಮಿಷದಲ್ಲಿ ಒಂದು ಹಾಳೆಯ ಮೇಲೆ ಬಂದಿತ್ತು.

ನಾನು ಹಾಕಿದ್ದು ಒಂದೇ ನಿಯಮ. ಪಕ್ಕದಲ್ಲಿ ಕೂತವರು ಎಷ್ಟು ಬೇಕಾದರೂ ಹೇಳಿಕೊಡಬಹುದು, ಮೌಸ್ ಮುಟ್ಟುವ ಹಾಗಿಲ್ಲ. ಹುಡುಗಿ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿಕೊಡುತ್ತಿದ್ದಳು. ಒಂದು ದಿನ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ.

"ಸರಾಸರಿ ಬುಡು, ಅದು ಗೊತ್ತಲ್ಲ. ವಿಚಲನೆ ಅಂದ್ರೆ ನಿಮ್ಮನೆ ಹುಳ ಎಲ್ಲಾ ಒಂದೇ ದಿನ ಹಣ್ಣಾದ್ವಾ, ಇಲ್ಲ ನಾಕು ದಿನ ಎಳುದ್ವಾ ಅಂತ. ಒಂದೇ ದಿನ ಆದ್ರೆ ವಿಚಲನೆ ಕಮ್ಮಿ. ನಾಕು ದಿನ ಎಳುದ್ರೆ ಜಾಸ್ತಿ."

ಆ ಕಡೆಯಿಂದ ಒಬ್ಬ, ಹಂಗಾದ್ರೆ ನಮ್ಮನೇದು ಯಾವಾಗ್ಲೂ ಜಾಸ್ತೀನೇ ಕಣಮ್ಮಿ ಅಂದ. ಎಲ್ಲರೂ ನಕ್ಕರು. ವಿಚಲನೆಯನ್ನು ನಾನು ಹನ್ನೆರಡು ವರ್ಷದಿಂದ ಬೊಂಬಾಯಿಯ ಗಿರಣಿಗಳ ಉದಾಹರಣೆ ಕೊಟ್ಟು ಹೇಳುತ್ತಿದ್ದೆ, ಒಬ್ಬರೂ ನಕ್ಕಿರಲಿಲ್ಲ.

ಹನ್ನೊಂದು ಜನರಲ್ಲಿ ನನಗೆ ಭಯವಿದ್ದದ್ದು ಒಬ್ಬಳ ಬಗ್ಗೆ. ವಿರೂಪಾಕ್ಷಿಪುರದ ಕಡೆಯ ಒಂದು ಮನೆಗೆ ಸೊಸೆಯಾಗಿ ಬಂದವಳು, ಮದುವೆಯಾದ ಮೇಲೆ ಹಟ ಹಿಡಿದು ಕಾಲೇಜಿಗೆ ಸೇರಿದ್ದಳು. ಉಳಿದವರೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದರು. ಎರಡು ವಾರದಲ್ಲಿ ಬಂದದ್ದು ನಾಲ್ಕೇ ದಿನ. ಮೇಲಾಗಿ ಅವರ ಮನೆಯ ಹುಳ ಸರಿಯಾಗಿ ಪರೀಕ್ಷೆಯ ದಿನವೇ ಹಣ್ಣಾಗುವ ಲೆಕ್ಕವಿತ್ತು. ಕೈ ಕಮ್ಮಿ ಆಯ್ತದೆ, ಆವತ್ತು ಕಳಿಸಕಾಗಕಿಲ್ಲ ಎಂದು ಅತ್ತೆ ಹೇಳಿದ್ದಾರಂತೆ. ಇದನ್ನು ಹೇಳುವಾಗ ಅವಳಿಗೆ ಅಳು ಬಂದಿತ್ತು. ದಿನ ಬದಲಿಸಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಒಬ್ಬರಿಗೋಸ್ಕರ ಬದಲಿಸುವ ನಿಯಮ ಇಲ್ಲ ಅಂದರು.

ಪರೀಕ್ಷೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹತ್ತು ಜನ ಕೂತಿದ್ದರು. ಹನ್ನೊಂದನೇ ಬೆಂಚು ಖಾಲಿ. ಅದು ಹಾಗಿರಲಿ, ಹುಡುಗಿಯೂ ಕಾಣಲಿಲ್ಲ. ಅವಳು ಬರೆಯಬೇಕಾಗಿಲ್ಲ ನಿಜ, ಆದರೆ ತನ್ನ ವರ್ಷ ತೀರ್ಮಾನವಾಗುವ ದಿನ ಬಾಗಿಲಲ್ಲಾದರೂ ಬಂದು ನಿಲ್ಲಬೇಡವೇ? ವರಾಂಡ, ಲೈಬ್ರರಿ, ಕಂಪ್ಯೂಟರ್ ಕೋಣೆ ಎಲ್ಲ ಹುಡುಕಿ ಬಂದು, ತಡೆಯಲಾರದೆ ಆ ಹತ್ತು ಜನರ ಮೇಲೆ ಕೂಗಿದೆ. ಎಲ್ಲಿ ಅವಳು, ಹೆದರಿ ಮನೆಯಲ್ಲಿ ಕೂತಳಾ, ಇಷ್ಟಕ್ಕಾ ನಾನು ಇಷ್ಟು ಒದ್ದಾಡಿದ್ದು ಅಂದೆ. ಹತ್ತೂ ಜನ ತಲೆ ತಗ್ಗಿಸಿಕೊಂಡರು. ಪರೀಕ್ಷೆ ಶುರುವಾಗಿದೆ ಮೇಡಂ, ಹೊರಗೆ ಹೋಗಿ ಎಂದು ಪ್ರಿನ್ಸಿಪಾಲರು ನನ್ನನ್ನೇ ಆಚೆ ಕಳಿಸಿದರು.

ಹನ್ನೊಂದೂ ಇಪ್ಪತ್ತಾರಕ್ಕೆ ಗೇಟಿನ ಕಡೆಯಿಂದ ಸೊಸೆ ಓಡಿ ಬಂದಳು. ಸೀರೆಯ ಅಂಚೆಲ್ಲ ಧೂಳು, ಕೈಯಲ್ಲಿ ಸೊಪ್ಪಿನ ಕರೆ. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದವಳನ್ನು ನೋಡಿ ಪ್ರಿನ್ಸಿಪಾಲರು ಗಡಿಯಾರದ ಕಡೆ ತಿರುಗಿದರು. ಅರ್ಧ ಗಂಟೆ ತಡವಾದರೂ ಒಳಗೆ ಬಿಡಬಹುದು ಎಂದು ನಿಯಮವಿದೆ, ಇನ್ನೂ ನಾಲ್ಕು ನಿಮಿಷ ಇದೆ, ಕೂತ್ಕೊಳಮ್ಮ ಅಂದರು. ಆ ನಿಯಮದ ಪುಸ್ತಕಕ್ಕೆ ಅವತ್ತು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಒಳಗೆ ಹೋಗುವ ಮುಂಚೆ ಅವಳು ನನ್ನ ಕಡೆ ತಿರುಗಿ, ಒಂದೇ ಉಸಿರಿಗೆ ಹೇಳಿದಳು. "ಅವಳು ನಮ್ಮನೇಲಿ ಅವ್ಳೆ ಮಿಸ್, ಹುಳ ಆಯ್ತಾವ್ಳೆ. ಬೆಳಗ್ಗೆ ಬಸ್ಸಿಂದ ಅವಳು ಇಳುದ್ಲು, ಅದೇ ಬಸ್ಸು ವಾಪಸ್ ಬರೋವಾಗ ನಾನು ಹತ್ಕಂಡು ಬಂದೆ."

ಹಿಂದಿನ ಸಂಜೆಯೇ ಹುಡುಗಿ ಚನ್ನಪಟ್ಟಣದ ತನ್ನ ಚಿಕ್ಕಮ್ಮನ ಮನೆಗೆ ಬಂದಿದ್ದು, ಬೆಳಗಿನ ಬಸ್ಸಿಗೆ ವಿರೂಪಾಕ್ಷಿಪುರದ ಕಡೆ ಹೊರಟಿದ್ದಳಂತೆ. ನಿಮ್ಮ ಸೊಸೆಯ ಕೈ ಬದಲಿಗೆ ನನ್ನ ಕೈ ಇಟ್ಟುಕೊಳ್ಳಿ ಎಂದು ಅತ್ತೆಗೆ ಹೇಳಿದಳಂತೆ. ಹತ್ತು ಜನರಿಗೂ ಇದು ಗೊತ್ತಿತ್ತು, ಹೇಳಿದರೆ ನಾನು ಬೇಡ ಅಂದುಬಿಡುತ್ತೇನೆ ಎಂದು ಬಾಯಿ ಬಿಟ್ಟಿರಲಿಲ್ಲ. ನಾನು ವರಾಂಡದ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ನನ್ನ ಪಿಯುಸಿ ಪರೀಕ್ಷೆಯ ಮೂರು ದಿನ, ಆಚೆ ಮನೆಯ ಆ ಹುಡುಗಿ, ಎಲ್ಲ ಒಟ್ಟಿಗೆ ಎದೆಗೆ ಬಂದು ಕೂತವು.

ಪರೀಕ್ಷೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಹತ್ತು ಜನರ ಉತ್ತರ ತಿದ್ದಿದೆ. ಹತ್ತೂ ಪಾಸು. ಒಬ್ಬನಿಗಂತೂ ಹದಿನೆಂಟೇ ಅಂಕ, ಅದಕ್ಕಿಂತ ಒಂದು ಹೆಚ್ಚೂ ಇಲ್ಲ, ಒಂದು ಕಮ್ಮಿಯೂ ಇಲ್ಲ. ಹನ್ನೊಂದನೆಯದನ್ನು ತಿದ್ದುವಷ್ಟು ಹೊತ್ತಿರಲಿಲ್ಲ, ಸೊಸೆಗೆ ಸಂಜೆಯ ಬಸ್ಸು ಹಿಡಿಯಬೇಕಿತ್ತು. ಆ ಹುಡುಗಿಯನ್ನು ಕಂಡು ಒಂದು ಮಾತು ಹೇಳದೆ ನಾನು ಮನೆಗೆ ಹೋಗುವ ಹಾಗಿರಲಿಲ್ಲ. ಉತ್ತರಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡು ಸೊಸೆಯ ಜೊತೆ ನಾನೂ ಹೊರಟೆ.

ಚನ್ನಪಟ್ಟಣ ದಾಟಿದ ಮೇಲೆ ಬಸ್ಸಿನಲ್ಲೇ ತಿದ್ದಲು ಕೂತೆ. ಅವಳು ಪಕ್ಕದಲ್ಲೇ ಕೂತು ಕಿಟಕಿಯ ಆಚೆ ತೆಂಗಿನ ಮರ ಎಣಿಸುವವಳ ಹಾಗೆ ನೋಡುತ್ತಿದ್ದಳು. ಮೊದಲ ಲೆಕ್ಕ ಅರ್ಧ ಸರಿ. ಎರಡನೆಯದರಲ್ಲಿ ಕೂಡಿಸುವಾಗಲೇ ತಪ್ಪಿದ್ದಾಳೆ. ಸಣ್ಣ ಪ್ರಶ್ನೆಗಳೂ ಸೇರಿ ಒಟ್ಟು ಹದಿಮೂರು. ಹಾಳೆ ತಿರುವಿದೆ. ಮೂರನೇ ಲೆಕ್ಕ, ವಿಚಲನೆ. ಅಂಕಿಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಚಿಕ್ಕದಾಗಿ, ಹುಳ ನಾಕು ದಿನ ಎಳೆದವು ಎಂದು ಬರೆದುಕೊಂಡಿದ್ದಳು. ಕೆಳಗೆ ಒಂದೊಂದೇ ಮೆಟ್ಟಿಲು, ಎಲ್ಲೂ ತಪ್ಪಿಲ್ಲದೆ ಉತ್ತರ. ಬಸ್ಸು ಗುಂಡಿಗೆ ಇಳಿದು ನನ್ನ ಕೆಂಪು ಗುರುತು ಪುಟದ ಅಂಚಿನವರೆಗೂ ಹರಿಯಿತು. ಇಪ್ಪತ್ತೊಂದು ಅಂದೆ. ಅವಳು ತಿರುಗಿ ನೋಡಲಿಲ್ಲ, ನನ್ನ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು.

ಆ ಬಸ್ಸಿನಲ್ಲಿ ಹೋಗುವಾಗಲೇ ಮುಂದಿನ ಸೆಮಿಸ್ಟರಿನ ಪಾಠ ನನ್ನ ತಲೆಯಲ್ಲಿ ಸಿದ್ಧವಾಯಿತು. ಹನ್ನೆರಡು ಹನ್ನೆರಡು ಜನರ ಗುಂಪು, ಹುಳದ ಜ್ವರ ನೋಡಿ ದಿನ, ಕಂಪ್ಯೂಟರಿನ ಪಕ್ಕ ಕೈ ಕಟ್ಟಿಕೊಂಡು ಕೂರುವವರು ಒಬ್ಬರು. ಕಂಪ್ಯೂಟರಿನ ಆ ಗಂಟೆಗೆ ವೇಳಾಪಟ್ಟಿಯಲ್ಲಿ ಮುಯ್ಯಿ ಎಂದೇ ಬರೆದೆವು. ನಾನು ಆ ಕಾಲೇಜು ಬಿಡುವವರೆಗೂ ಅದು ಹಾಗೇ ನಡೆಯಿತು. ಎಲ್ಲರೂ ಪಾಸಾದರು ಎಂದು ಸುಳ್ಳು ಹೇಳಲಾರೆ. ಆದರೆ ತಲೆಗೆ ಹತ್ತಲ್ಲ ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ನಿಂತುಹೋಯಿತು.

ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮನೆಯ ಮುಂದೆ ಗೋಡೆಗೆ ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿದ್ದರು. ಒಳಗೆ ತಟ್ಟೆಗಳ ನಡುವೆ ಐದಾರು ಹೆಂಗಸರು ಕೂತು ಹುಳ ಆಯುತ್ತಿದ್ದರು. ಅವರ ನಡುವೆ ನಮ್ಮ ಹುಡುಗಿ, ಎರಡು ಜಡೆಯನ್ನೂ ಎತ್ತಿ ಗಂಟು ಹಾಕಿಕೊಂಡು ಕೂತಿದ್ದಳು, ಬೆರಳಿಗೆಲ್ಲ ರೇಷ್ಮೆ ಎಳೆ ಸುತ್ತಿಕೊಂಡಿತ್ತು. ನನ್ನನ್ನು ಕಂಡು ಗಾಬರಿಯಿಂದ ಎದ್ದಳು. ಹಾಲ್ ಟಿಕೆಟ್ ಬಂತಾ ಎಂದು ಕೇಳುತ್ತಾಳೆ ಅಂದುಕೊಂಡೆ.

"ಅಕ್ಕ ವಿಚಲನೆ ಲೆಕ್ಕ ಮಾಡುದ್ಲಾ ಮಿಸ್?" ಅಂದಳು.

ಮಾಡಿದಳು, ಹನ್ನೊಂದೂ ಜನ ಪಾಸು, ನಾಳೆ ಬಂದು ಹಾಲ್ ಟಿಕೆಟ್ ತಗೋ ಅಂದೆ. ಅವಳ ಮುಖ ನೋಡಿಕೊಂಡೇ ಇನ್ನೊಂದು ಮಾತೂ ಹೇಳಿದೆ. "ಅವತ್ತು ಎಲ್ಲರ ಮುಂದೆ ನಿನ್ನ ಕಳ್ಳಿ ಅಂದೆ. ತಪ್ಪಾಯ್ತು ಕಣಮ್ಮ." ಅವಳು ಎಲ್ಲಿ ನೋಡಬೇಕೋ ತಿಳಿಯದೆ ತನ್ನ ಬೆರಳ ಎಳೆ ಬಿಡಿಸಿಕೊಳ್ಳತೊಡಗಿದಳು. ಆಮೇಲೆ ಅಳು ಬಂತು, ಅಳುತ್ತಲೇ ನಕ್ಕಳು.

ಸೊಸೆಯ ಅತ್ತೆ ತಟ್ಟೆಯಿಂದ ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದರು. "ಅದ್ನೆಲ್ಲ ಆಮ್ಯಾಕೆ ಮಾತಾಡ್ಕಳ್ರವ್ವ. ಹಣ್ಣು ಹುಳ ಕಾಯಕಿಲ್ಲ," ಅಂದರು.

ನಾನು ಸೆರಗು ಸಿಕ್ಕಿಸಿ ತಟ್ಟೆಯ ಮುಂದೆ ಕೂತೆ. ಕೈ ಮರೆತಿರುತ್ತದೆ ಅಂದುಕೊಂಡಿದ್ದೆ, ಮರೆತಿರಲಿಲ್ಲ. ಹಣ್ಣಾದ ಹುಳ ಯಾವುದು, ಇನ್ನೂ ಒಂದು ಹೊತ್ತಿನ ಸೊಪ್ಪು ಬೇಕಾದದ್ದು ಯಾವುದು ಎಂದು ಬೆರಳೇ ಹೇಳುತ್ತಿತ್ತು. ಒಂದು ಕಡೆ ಸೊಸೆ, ಇನ್ನೊಂದು ಕಡೆ ಹುಡುಗಿ. ಬಸ್ಸು ವಾಪಸ್ ಹೊರಡುವ ಹೊತ್ತಾಗುವವರೆಗೆ ನಾಲ್ಕು ತಟ್ಟೆ ಖಾಲಿ ಮಾಡಿದೆವು.

ಎದ್ದು 'ಬರ್ತೀನಿ' ಅಂದಾಗ ಅತ್ತೆ ಬಾಗಿಲವರೆಗೂ ಬಂದರು. ಇವತ್ತು ಒಂದು ಕೈ ಕಳಿಸಿ ಎಲ್ಡು ಕೈ ತಕ್ಕಂಡೆವು, ಇನ್ನು ಮೇಡಮ್ಮೋರ್ ಮುಯ್ಯಿ ಹೆಂಗೆ ತೀರ್ಸದು ಎಂದು ನಗುತ್ತಾ ಕೇಳಿದರು. ಮೂರು ವರ್ಷವೂ ನಿಮ್ಮ ಸೊಸೆಯನ್ನು ಕಳಿಸಿ, ಅದೇ ಮುಯ್ಯಿ ಅಂದೆ. ಅವರು ಒಳಗೆ ಕೂತಿದ್ದ ಸೊಸೆಯನ್ನು ಒಂದು ಸಲ ನೋಡಿದರು.

"ಮುಯ್ಯಿ ಅಂದ್ಮ್ಯಾಕೆ ತೀರ್ಸ್ದೆ ಬುಡಕಾಯ್ತದಾ? ಕಳುಸ್ತೀನಿ ಹೋಗವ್ವ."